ಅಂಕದ ಫ್ರೆಂಚು, ಬಾಯಿಯ ಫ್ರೆಂಚು

ಬೆಂಗಳೂರಿನಲ್ಲಿ ಪಿಯುಸಿಗೆ ಫ್ರೆಂಚ್ ತೆಗೆದುಕೊಳ್ಳುವವರಲ್ಲಿ ಬಹಳ ಮಂದಿಯ ಕಾರಣ ಒಂದೇ: ಅಂಕ. ನನ್ನದೂ ಅದೇ. ಆ ಅಂಕಪಟ್ಟಿಯ ಧೈರ್ಯದ ಮೇಲೆಯೇ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದು, ಅಲ್ಲಿನ ಮಾಡ್ಬರಿ ಬಡಾವಣೆಯಲ್ಲಿ ಮನೆ ಮಾಡಿ, ಕಾಲೇಜಿನ ಇಂಟರ್‌ಮೀಡಿಯೆಟ್ ಫ್ರೆಂಚ್ ತರಗತಿಗೆ ನೇರವಾಗಿ ಸೇರಿಕೊಂಡೆ. ಅದೇ ದಾರಿ ಹಿಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಅಂಕಪಟ್ಟಿಗೆ ಕಿವಿಯಿಲ್ಲ.

ಕ್ರಿಯಾಪದಗಳ ರೂಪಗಳನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲವನಾಗಿದ್ದೆ. ತರಗತಿಯಲ್ಲಿ ಉಕ್ತಲೇಖನ ಕೊಟ್ಟರು. ‘ಕಾತ್ರ್ ವ್ಯಾಂ ದಿಸೆತ್’ ಎಂದದ್ದನ್ನು ನಾನು 4, 20, 17 ಎಂದು ಮೂರು ಸಂಖ್ಯೆಯಾಗಿ ಬರೆದೆ. ಅದು 97, ಫ್ರೆಂಚರು ನಾಲ್ಕು ಇಪ್ಪತ್ತಕ್ಕೆ ಹದಿನೇಳು ಸೇರಿಸುತ್ತಾರೆ. ಪುಸ್ತಕದಲ್ಲಿ ಇದನ್ನು ಓದಿದ್ದೆ, ಯಾರ ಬಾಯಲ್ಲೂ ಕೇಳಿರಲಿಲ್ಲ. ಆಮೇಲೆ ಮನೆ ಕಡೆಯ ಟೀ ಟ್ರೀ ಪ್ಲಾಜಾದಿಂದ ಪೇಟೆಗೆ ಕಾಂಕ್ರೀಟ್ ಹಳಿಯ ಮೇಲೆ ಓಡುವ ಓ-ಬಾನ್ ಬಸ್ಸೇ ನನ್ನ ಪಾಠಶಾಲೆಯಾಯಿತು. ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊ ಕಲಿಯುವವರಿಗಾಗಿಯೇ ಹತ್ತು ನಿಮಿಷದ ಸರಳ ವಾರ್ತೆ ಕೊಡುತ್ತದೆ, ಅದರ ಪಠ್ಯವೂ ಸಿಗುತ್ತದೆ. ಬಸ್ಸಿನಲ್ಲಿ ಬರೀ ಕೇಳಿ. ಪಠ್ಯವನ್ನು ಮನೆಗೆ ಬಂದ ಮೇಲೆ ನೋಡಿ. ನಾನು ಮೊದಮೊದಲು ಪಠ್ಯ ನೋಡಿಕೊಂಡೇ ಕೇಳುತ್ತಿದ್ದೆ, ಎಲ್ಲ ಅರ್ಥವಾಗುತ್ತಿದೆ ಎಂದು ಬೀಗುತ್ತಿದ್ದೆ.

2. ಇಂಗ್ಲಿಷಿನ ಮೂಲಕ ಹೋಗಬೇಡಿ.

‘ಐ ಆಮ್ ಹಂಗ್ರಿ’ಯನ್ನು ಇಂಗ್ಲಿಷಿನಿಂದ ಅನುವಾದ ಮಾಡಿಕೊಂಡು ‘ಝ ಸ್ವಿ ಫ್ಯಾಂ’ ಎಂದಿದ್ದೆ. ಹಸಿವು ಅಂದರೆ ನಾನೇ ಎಂದಂತಾಯಿತು! ‘ಇಲ್ ಮ ಫೋ’, ‘ಸಾ ಮ ಪ್ಲೆ’ ಎಂಬಂಥವು ನಮ್ಮ ‘ನನಗೆ ಬೇಕು’, ‘ನನಗೆ ಇಷ್ಟ’ಗಳ ಜಾಡಿನಲ್ಲೇ ನಡೆಯುತ್ತವೆ. ಇದು ನನಗೆ ಹೊಳೆದದ್ದು ತೀರಾ ತಡವಾಗಿ. ಆದರೆ ಲಿಂಗದ ವಿಷಯದಲ್ಲಿ ಕನ್ನಡ ಕೈಕೊಡುತ್ತದೆ: ಫ್ರೆಂಚಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಹೆಣ್ಣಿಗೆ ‘ಲಾ’, ಗಂಡಿಗೆ ‘ಲ’ ಸೇರಿಸಿಯೇ ಪದ ಕಲಿಯಬೇಕು, ಬೇರೆ ಉಪಾಯವಿಲ್ಲ.

3. ಆಸ್ಟ್ರೇಲಿಯಾದ ಸಲಿಗೆ ಫ್ರೆಂಚಿಗೆ ಒಗ್ಗದು.

ಇಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆದು ರೂಢಿಯಾಗಿತ್ತು. ಅದೇ ರೂಢಿಯಲ್ಲಿ ಹಿರಿಯ ಫ್ರೆಂಚ್ ಮಹಿಳೆಯೊಬ್ಬರಿಗೆ ‘ತು’ (ನೀನು) ಎಂದುಬಿಟ್ಟೆ. ಅವರು ನಕ್ಕು ‘ವು’ (ನೀವು) ಎಂದೇ ಉತ್ತರಿಸಿದರು. ಊರಿನಲ್ಲಿ ಅಷ್ಟು ವಯಸ್ಸಿನವರಿಗೆ ‘ನೀನು’ ಎನ್ನುತ್ತಿದ್ದೆನೇ?

4. ಬಾಯಿಪಾಠ ಮೊದಲ ಪ್ರಶ್ನೆಗೇ ಮುಗಿಯುತ್ತದೆ.

ಮೌಖಿಕ ಪರೀಕ್ಷೆಗೆ ಅಡಿಲೇಡ್‌ನ ದಕ್ಷಿಣಕ್ಕಿರುವ ಕರಾವಳಿಯ ಕಥೆ ಆರಿಸಿಕೊಂಡೆ. 1802ರ ಏಪ್ರಿಲ್ 8ರಂದು ಫ್ರೆಂಚ್ ನಾವಿಕ ಬೋದ್ಯಾಂ ಮತ್ತು ಇಂಗ್ಲಿಷ್ ನಾವಿಕ ಫ್ಲಿಂಡರ್ಸ್ ಇಲ್ಲಿ ಮುಖಾಮುಖಿಯಾದರು. ಎರಡು ದೇಶಗಳ ನಡುವೆ ಯುದ್ಧ ನಿಂತ ಸುದ್ದಿ ಇಬ್ಬರಿಗೂ ತಲುಪಿರಲಿಲ್ಲ. ಆ ಭೇಟಿಯಿಂದಲೇ ಕೊಲ್ಲಿಗೆ ಎನ್‌ಕೌಂಟರ್ ಬೇ ಎಂಬ ಹೆಸರು ಬಂತು. ಇಷ್ಟನ್ನು ಚೊಕ್ಕವಾಗಿ ಒಪ್ಪಿಸಿದೆ. ಪರೀಕ್ಷಕರು ಕೇಳಿದರು: ‘ಅವರು ಯಾವ ಭಾಷೆಯಲ್ಲಿ ಮಾತಾಡಿದರು?’ ಉತ್ತರ ಗೊತ್ತಿತ್ತು: ಬಹುಪಾಲು ಬೋದ್ಯಾಂನ ಅರೆಬರೆ ಇಂಗ್ಲಿಷಿನಲ್ಲಿ. ಹೇಳಲು ವಾಕ್ಯ ಸಿಗಲಿಲ್ಲ, ನಿಂತೇ ಇದ್ದೆ. ಈಗ ಪೂರ್ತಿ ಭಾಷಣ ಬರೆಯುವುದಿಲ್ಲ. ಚೀಟಿಯ ಮೇಲೆ ನಾಲ್ಕಾರು ಪದ ಗೀಚಿಕೊಳ್ಳುತ್ತೇನೆ, ಗೆಳೆಯರಿಂದ ಅಡ್ಡಪ್ರಶ್ನೆ ಹಾಕಿಸಿಕೊಳ್ಳುತ್ತೇನೆ. ತಪ್ಪು ವಾಕ್ಯವೂ ಬಾಯಿಂದ ಹೊರಡಲಿ; ಬೋದ್ಯಾಂನ ಕೆಲಸ ಅರೆಬರೆ ಇಂಗ್ಲಿಷಿನಲ್ಲೇ ಆಯಿತಲ್ಲ!

5. ಅವಸರದಲ್ಲಿ ಬಿ2ಕ್ಕೆ ಹಾರಬೇಡಿ.

ಫ್ರೆಂಚ್ ಪ್ರಾವೀಣ್ಯದ ಡೆಲ್ಫ್ ಪರೀಕ್ಷೆಯಲ್ಲಿ, ಬಿ1 ಮಟ್ಟವಿರಲಿ, ಅದರ ಮೇಲಿನ ಬಿ2 ಇರಲಿ, ಕೇಳುವುದು, ಓದುವುದು, ಬರೆಯುವುದು, ಮಾತಾಡುವುದಕ್ಕೆ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದಾದರೂ ಒಂದರಲ್ಲಿ 5ಕ್ಕಿಂತ ಕಡಿಮೆಯಾದರೆ ಉಳಿದವುಗಳಲ್ಲಿ ಎಷ್ಟು ಬಂದರೂ ಫೇಲು. ನನ್ನಂತೆ ಕಿವಿ, ಬಾಯಿ ಪಳಗದೆ ಪಿಯುಸಿ ಅಂಕ ಹಿಡಿದುಕೊಂಡು ಬಂದವರು ದಯವಿಟ್ಟು ಮೊದಲು ಬಿ1 ಕಟ್ಟಿ.