ತಿರುಗಿ ಬಂದ ಹುಡುಗನು



ಸುರಪುರ, ಶಹಾಪುರ ಸೀಮೆಯಿಂದ ಅನೇಕ ಕುಟುಂಬಗಳು ದುಡಿಮೆಗಾಗಿ ಬೆಂಗಳೂರಿಗೂ ಪುಣೆಗೂ ಗುಳೆ ಹೋಗುವದು ನಿಮಗೆ ತಿಳಿದದ್ದೇ. ಹಾಗೆ ತಂದೆತಾಯಿಗಳು ಹೋದ ಮೇಲೆ ರಂಗಂಪೇಟೆಯಲ್ಲಿ ಅಜ್ಜಿಯ ಬಳಿ ಉಳಿದ ಒಬ್ಬ ಹುಡುಗನನ್ನು ಎಣಿಸಿಕೊಳ್ಳೋಣ. ದೊಡ್ಡವನೊಬ್ಬನು ಅವನಿಗೆ ಚಹಾ ಕುಡಿಸಿ, ಕೈಯಲ್ಲಿ ಹಣವಿಟ್ಟು, ರಾತ್ರಿಯಲ್ಲಿ ಒಬ್ಬರ ಬೈಕನ್ನು ತಳ್ಳಿಕೊಂಡು ಬರಹೇಳುತ್ತಾನೆ. ಸಿಕ್ಕಿಬಿದ್ದವನು ಹುಡುಗನು, ಲಾಭ ತಿಂದವನು ದೊಡ್ಡವನು. ಹುಡುಗನು ತಪ್ಪು ಮಾಡಿದ್ದು ನಿಜ. ಆದರೆ ಅವನಿಗೂ ಅನ್ಯಾಯವಾಯಿತಲ್ಲವೇ? ಈ ತಿಂಗಳ ಪಾಠವು ಇದನ್ನು ಕುರಿತದ್ದು.

ಮೊದಲನೆಯದಾಗಿ, ಕಾಯಿದೆಯನ್ನು ತಿಳಿಯೋಣ. ಹಿಂದೆ ನಮ್ಮ ದೇಶದಲ್ಲಿ ಅನೇಕ ಮಕ್ಕಳು ದೊಡ್ಡ ಕೈದಿಗಳ ಸಂಗಡ ಜೈಲುಗಳಲ್ಲಿ ಇಡಲ್ಪಡುತ್ತಿದ್ದರು. ಪತ್ರಿಕೆಗಳಿಗೆ ಬರೆಯುತ್ತಿದ್ದ ಶೀಲಾ ಬರ್ಸೆಯವರು ಇವರ ಮೊರೆಯನ್ನು ಸುಪ್ರೀಮ್ ಕೋರ್ಟಿಗೆ ಮುಟ್ಟಿಸಿದರು. ಮಕ್ಕಳನ್ನು ಜೈಲಿನಲ್ಲಿ ಇಡಬಾರದೆಂದು ಆ ನ್ಯಾಯಸ್ಥಾನವು 1986ರಲ್ಲಿ ಹೇಳಿತು. ಅದೇ ವರುಷ ಬಾಲ ನ್ಯಾಯದ ಕಾಯಿದೆಯೂ ಆಯಿತು. ಈಗ ನಡೆಯುತ್ತಿರುವದು 2015ರ ಕಾಯಿದೆ. ಅದರ ಮೇರೆಗೆ 18 ವರುಷ ತುಂಬದವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ಪ್ರಯಾಣದ ಹೊತ್ತನ್ನು ಬಿಟ್ಟು 24 ತಾಸಿನೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುವರು. ಈ ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಾಗಿರತಕ್ಕದ್ದು. ಮಗುವನ್ನು ಅಕ್ರಮ ಕೆಲಸಕ್ಕೆ ಬಳಸಿಕೊಂಡ ದೊಡ್ಡವನಿಗಾದರೋ 7 ವರುಷಗಳ ವರೆಗೆ ಕಠಿಣ ಸಜೆಯೂ 5 ಲಕ್ಷ ರೂಪಾಯಿ ದಂಡವೂ ಉಂಟು.

ಎರಡನೆಯದಾಗಿ, ಮಗುವಿಗೆ ಜಾಮೀನು ಸಿಕ್ಕದಿದ್ದರೆ ವಿಚಾರಣೆಯ ಕಾಲದಲ್ಲಿ ಅವನು ವೀಕ್ಷಣಾಲಯದಲ್ಲಿ ಇರುತ್ತಾನೆ. ಅದು ಕಾಪಾಡುವದಕ್ಕಾಗಿ ಇಟ್ಟ ಮನೆ. ಆದಾಗ್ಯೂ ಮುಚ್ಚಿದ ಬಾಗಲಿನ ಒಳಗೆ ಬಲಿಷ್ಠನು ಬಲಹೀನನ ಊಟವನ್ನು ಕಸಿಯುವದೂ, ಹೊಡೆಯುವದೂ, ಹೇಳಬಾರದ ರೀತಿಯಲ್ಲಿ ಕೆಡಿಸುವದೂ ಸಂಭವಿಸಬಹುದು. ಮಗುವು ನಾಚಿಕೆಯಿಂದಲೂ ಭಯದಿಂದಲೂ ಸುಮ್ಮನಿರುತ್ತದೆ. ಅಂಥ ಮನೆಯ ನೌಕರನೇ ಕ್ರೂರತನ ಮಾಡಿದರೆ ಅವನಿಗೆ 5 ವರುಷಗಳ ವರೆಗೆ ಕಠಿಣ ಸಜೆಯಾಗಬಹುದು. ಆದರೆ ತಿಳಿಸುವವರು ಇಲ್ಲದಿದ್ದರೆ ಕಾಯಿದೆಯು ಏನು ಮಾಡೀತು? ಆದದರಿಂದ ಮಾನಕ್ಕೆ ಅಂಜಿ ಮಗುವನ್ನು ಕೈಬಿಡಬೇಡಿರಿ. ಹೋಗಿ ನೋಡಿರಿ, ಒಬ್ಬನೇ ಇರುವಾಗ ಮೆಲ್ಲನೆ ಕೇಳಿರಿ, ಅವನ ಮಾತನ್ನು ನಂಬಿರಿ. ಸಂಶಯವಿದ್ದರೆ ಮಂಡಳಿಗೆ ತಿಳಿಸಿರಿ, ಇಲ್ಲವೆ 1098 ಎಂಬ ನಂಬರಿಗೆ ಫೋನು ಮಾಡಿರಿ; ಅದಕ್ಕೆ ಹಣ ಬೇಕಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿಯೂ ಹೀಗೆಯೇ ಮಾಡತಕ್ಕದ್ದು.

ಮೂರನೆಯದಾಗಿ, ಅವನು ತಿರುಗಿ ಬರುವ ದಿನ. ತಪ್ಪು ಸ್ಥಿರಪಟ್ಟರೂ ಮಂಡಳಿಯು ಬುದ್ಧಿ ಹೇಳಿ ಮನೆಗೆ ಕಳುಹಿಸಬಹುದು. ವಿಶೇಷ ಗೃಹದಲ್ಲಿ ಇಟ್ಟರೆ 3 ವರುಷಕ್ಕೆ ಮೀರಕೂಡದು. ಅಲ್ಲಿ ಓದು, ಕಸಬು, ಹಿತೋಪದೇಶಗಳು ದೊರೆಯಬೇಕು. 16 ವರುಷ ತುಂಬಿದವನು ಘೋರ ಅಪರಾಧ ಮಾಡಿದರೆ ಮಾತ್ರ ಬೇರೆ ಕ್ರಮ ಉಂಟು. ಪತ್ರಿಕೆಗಳು ಮಗುವಿನ ಹೆಸರನ್ನು ಪ್ರಕಟಿಸಕೂಡದು. ಆ ತಪ್ಪು ಮುಂದೆ ಅವನ ಕೆಲಸಕ್ಕೆ ಅಡ್ಡಿಯಾಗಕೂಡದು. ಸರಕಾರವು ಹೆಸರನ್ನು ಮುಚ್ಚುತ್ತದೆ. ನಾವು ನಲ್ಲಿಯ ಬಳಿ ನಿಂತು ಅದನ್ನು ಸಾರಬಹುದೋ?

ಓಡಿಹೋಗಿದ್ದ ಒನೇಸಿಮನನ್ನು ಯಜಮಾನನ ಬಳಿಗೆ ಕಳುಹಿಸುವಾಗ ಅಪೊಸ್ತಲನು ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಸಹೋದರನೆಂದು ಸೇರಿಸಿಕೊಳ್ಳೆಂದು ಬರೆದು, ಅವನ ಸಾಲವನ್ನು ತನ್ನ ಲೆಕ್ಕಕ್ಕೆ ಹಾಕಿಸಿಕೊಂಡನು. ತಿರುಗಿ ಬಂದ ಹುಡುಗನಿಗೂ ಅಂಥ ಒಬ್ಬನು ಬೇಕು. ಶಾಲೆಗೆ ಮತ್ತೆ ಸೇರಿಸುವವನು ಬೇಕು, ಮಗ್ಗದ ಬಳಿ ಕೂಡ್ರಿಸಿ ಕೆಲಸ ಕಲಿಸುವವನು ಬೇಕು, ಪಂಕ್ತಿಯಲ್ಲಿ ಪಕ್ಕಕ್ಕೆ ಕರೆಯುವವನು ಬೇಕು. ನಾವು ದೂರ ತಳ್ಳಿದರೆ, ಮೊದಲು ಚಹಾ ಕುಡಿಸಿದವನು ಅವನಿಗಾಗಿ ಇನ್ನೂ ಅದೇ ಬೀದಿಯಲ್ಲಿ ಕಾದಿರುತ್ತಾನೆ.

ಮನೆಯವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:

1. ಗುಳೆ ಹೋದವರ ಮಕ್ಕಳನ್ನು ನಮ್ಮ ಓಣಿಯಲ್ಲಿ ಯಾರು ವಿಚಾರಿಸುತ್ತಾರೆ?

2. ಮಗುವು ಹಿಡಿಯಲ್ಪಟ್ಟರೆ ಎಷ್ಟು ಹೊತ್ತಿನೊಳಗೆ, ಯಾರ ಮುಂದೆ ನಿಲ್ಲಿಸಬೇಕು?

3. ತಿರುಗಿ ಬಂದವನಿಗೆ ನಾವು ಮೊದಲು ಆಡುವ ಮಾತು ಯಾವದಾಗಿರಬೇಕು?