ಒಂದು ವಿಳಾಸ ಪುಸ್ತಕ, ಹಲವು ಓದುಗರು

ಕಚೇರಿಯ ಇ-ಮೇಲ್ ವಿಳಾಸ ಪುಸ್ತಕವು ನೋಡುವುದಕ್ಕೆ ಅಲ್ಪವಾದ ವಸ್ತು. ಹೆಸರು, ಇ-ಮೇಲ್ ವಿಳಾಸ, ದೂರವಾಣಿ ಸಂಖ್ಯೆ, ಊರು, ಅದರಲ್ಲಿರುವುದು ಇಷ್ಟೇ. ಅದನ್ನು ಬರೆದಿಟ್ಟವರು ರಜೆಯ ಮೇಲೆ ಹೋದ ದಿನ ಮಾತ್ರ ಅದರ ಬೆಲೆ ಉಳಿದವರಿಗೆ ತಿಳಿಯುತ್ತದೆ.

ಕುಂದಾಪುರದಲ್ಲಿ ಮುಖ್ಯ ಕಚೇರಿಯೂ ಬೈಂದೂರು, ಬ್ರಹ್ಮಾವರಗಳಲ್ಲಿ ಶಾಖೆಗಳೂ ಇರುವ ಗೇರುಬೀಜದ ವ್ಯಾಪಾರ ಸಂಸ್ಥೆಯೊಂದನ್ನು ಭಾವಿಸೋಣ. ಬೈಂದೂರಿನ ಗುಮಾಸ್ತರು ಹತ್ತು ವರ್ಷಗಳಿಂದ ಕೂಡಿಹಾಕಿದ ಲಾರಿ ಮಾಲೀಕರ, ಬೀಜ ಒದಗಿಸುವವರ, ಕೊಳ್ಳುವವರ ವಿಳಾಸಗಳು ಬ್ರಹ್ಮಾವರದ ಗುಮಾಸ್ತರಿಗೂ ಬೇಕಾಗಿವೆ. ಅವನ್ನು ಪಡೆಯುವ ಬಗೆ ಯಾವುದು?

ಎಲ್ಲರಿಗೂ ಮೊದಲು ಹೊಳೆಯುವುದು ನಕಲು ತೆಗೆದು ಕಳುಹಿಸುವ ಮಾರ್ಗ. ವಿಳಾಸಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸಲು ವಿ-ಕಾರ್ಡ್ ಎಂಬ ಬರವಣಿಗೆಯ ಕ್ರಮವು 1990ರ ದಶಕದಿಂದಲೂ ಬಳಕೆಯಲ್ಲಿದೆ. ಕ್ಷಣಮಾತ್ರದಲ್ಲಿ ನೂರಾರು ವಿಳಾಸಗಳು ಬ್ರಹ್ಮಾವರವನ್ನು ಸೇರುವುವು. ಆದರೆ ಅಂದಿನಿಂದ ಪುಸ್ತಕಗಳು ಎರಡಾದುವು. ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ತಿಳಿಯದು.

ಇದರಿಂದಾಗುವ ತೊಡಕು ಎಷ್ಟೆಂಬುದನ್ನು ಈ ಸೀಮೆಯ ಇತಿಹಾಸವೇ ತೋರಿಸುತ್ತದೆ. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರ್ಪಟ್ಟಿತು. 2018ರಲ್ಲಿ ಕುಂದಾಪುರ ತಾಲ್ಲೂಕಿನಿಂದ ಬೈಂದೂರೂ ಉಡುಪಿ ತಾಲ್ಲೂಕಿನಿಂದ ಬ್ರಹ್ಮಾವರವೂ ಬೇರೆ ತಾಲ್ಲೂಕುಗಳಾದುವು. ಮನೆ ಕದಲಲಿಲ್ಲ, ಅಂಗಡಿ ಕದಲಲಿಲ್ಲ. ಆದರೂ ವಿಳಾಸದ ಒಂದು ಸಾಲು ಸುಳ್ಳಾಯಿತು. ಮೂಲ ಪುಸ್ತಕವನ್ನು ಯಾರಾದರೂ ತಿದ್ದಿಯಾರು. ಅದರಿಂದ ಹೊರಟುಹೋದ ಹತ್ತು ನಕಲುಗಳನ್ನು ತಿದ್ದುವವರಾರು? ಊರ ಹೆಸರಿನ ರೋಮನ್ ಕಾಗುಣಿತವಂತೂ ಬೇರೆಯೇ ಒಂದು ಕಥೆ. ಕುಂದಾಪುರದ ಹೆಸರನ್ನು ಇಂಗ್ಲಿಷರ ಕಾಲದಿಂದ ಎಷ್ಟು ಬಗೆಯಲ್ಲಿ ಬರೆದಿದ್ದಾರೆಂಬುದನ್ನು ಹಳೆಯ ಕಾಗದಗಳಲ್ಲಿ ನೋಡಬೇಕು! ಒಂದು ಕಾಗುಣಿತದಲ್ಲಿ ಹುಡುಕಿದರೆ ಇನ್ನೊಂದರಲ್ಲಿ ಬರೆದ ವಿಳಾಸ ಕಂಪ್ಯೂಟರಿಗೆ ಸಿಗದೆ ಹೋಗಬಹುದು.

ಎರಡನೆಯ ಮಾರ್ಗವು ಪುಸ್ತಕವನ್ನು ಕೊಡುವುದಲ್ಲ, ಓದುವ ಹಕ್ಕನ್ನು ಕೊಡುವುದು. ಪುಸ್ತಕವು ಸಂಸ್ಥೆಯ ಸರ್ವರಿನಲ್ಲಿ ಒಂದೇ ಆಗಿ ಉಳಿಯುತ್ತದೆ. ಅದರ ಜೊತೆಯಲ್ಲಿ ಒಂದು ಚಿಕ್ಕ ಪಟ್ಟಿಯಿರುತ್ತದೆ: ಇಂಥವರು ಓದಬಹುದು, ಇಂಥವರು ಹೊಸದನ್ನು ಸೇರಿಸಬಹುದು, ಇಂಥವರು ತಿದ್ದಬಹುದು, ಅಳಿಸಲೂಬಹುದು. ಬ್ರಹ್ಮಾವರದ ಗುಮಾಸ್ತರು ತಮ್ಮ ಗುಪ್ತಪದವನ್ನು ಕೊಟ್ಟು ಒಳಹೊಕ್ಕು ಪುಸ್ತಕವನ್ನು ಕೇಳಿದಾಗ ಸರ್ವರು ಆ ಪಟ್ಟಿಯನ್ನು ನೋಡಿ, ಅವರಿಗೆ ಎಷ್ಟು ಹಕ್ಕಿದೆಯೋ ಅಷ್ಟನ್ನೇ ನಡೆಸಿಕೊಡುವುದು. ಬೈಂದೂರಿನವರು ತಮ್ಮ ಗುಪ್ತಪದವನ್ನು ಹೇಳಬೇಕಾಗಿಲ್ಲ. ಹಾಗೆ ಹೇಳುವ ರೂಢಿ ಬಹುಕಡೆ ಉಂಟು. ಅದು ಕಪಾಟಿನ ಒಂದು ಪುಸ್ತಕ ಕೇಳಿದವರಿಗೆ ಮನೆಯ ಬೀಗದ ಕೈಯನ್ನೇ ಕೊಟ್ಟಂತೆ.

ಓದುವ ಹಕ್ಕನ್ನು ಕೊಡುವುದು ಸುಲಭ, ತಿದ್ದುವ ಹಕ್ಕಿನಲ್ಲಿ ಎಚ್ಚರ ಬೇಕು. ಅಳಿಸುವ ಹಕ್ಕುಳ್ಳವರು ತಮಗೆ ಬೇಡವೆಂದು ಒಂದು ಹೆಸರನ್ನು ತೆಗೆದರೆ ಅದು ಒಡೆಯರ ಪುಸ್ತಕದಿಂದಲೂ ಹೋಯಿತು. ಪುಸ್ತಕ ಒಂದೇ ಅಲ್ಲವೆ!

ಇನ್ನು ಇಬ್ಬರೂ ಏಕಕಾಲದಲ್ಲಿ ಒಂದೇ ವಿಳಾಸವನ್ನು ತಿದ್ದಹೊರಟರೆ? ಇದಕ್ಕೆ ಕಂಡುಕೊಂಡಿರುವ ಉಪಾಯ ಬಲು ಸೊಗಸಾದುದು. ವಿಳಾಸ ಪುಸ್ತಕಗಳನ್ನು ಸರ್ವರಿನಲ್ಲಿಟ್ಟು ನಡೆಸುವುದಕ್ಕಾಗಿ 2011ರಲ್ಲಿ ಪ್ರಕಟವಾದ ಕಾರ್ಡ್‌ಡಾವ್ ಎಂಬ ನಿಯಮಾವಳಿಯಲ್ಲಿ ಪ್ರತಿಯೊಂದು ವಿಳಾಸಕ್ಕೂ ಸರ್ವರು ಒಂದು ಗುರುತನ್ನು ಹಾಕುತ್ತದೆ. ವಿಳಾಸ ಬದಲಾದೊಡನೆ ಗುರುತೂ ಬದಲಾಗುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ಇಬ್ಬರೂ ಒಬ್ಬ ಲಾರಿ ಮಾಲೀಕರ ವಿಳಾಸವನ್ನು ತೆರೆದರೆನ್ನಿ. ಇಬ್ಬರಿಗೂ ದೊರೆತುದು ಒಂದೇ ಗುರುತು. ಬೈಂದೂರಿನವರು ದೂರವಾಣಿ ಸಂಖ್ಯೆಯನ್ನು ತಿದ್ದಿ ಕಳುಹಿಸಿದರು. ಸರ್ವರು ಅದನ್ನು ಸ್ವೀಕರಿಸಿ ಹೊಸ ಗುರುತನ್ನು ಹಾಕಿತು. ಐದು ನಿಮಿಷದ ಮೇಲೆ ಬ್ರಹ್ಮಾವರದವರ ತಿದ್ದುಪಡಿ ಹಳೆಯ ಗುರುತಿನೊಡನೆ ಬಂದಿತು. 'ನೀವು ನೋಡಿದ ಪ್ರತಿ ಈಗ ಹಳತಾಗಿದೆ' ಎಂಬ ಅರ್ಥದ ಉತ್ತರವಿತ್ತು ಸರ್ವರು ಅದನ್ನು ತಿರಸ್ಕರಿಸುವುದು. ಆಗ ಹೊಸ ಪ್ರತಿಯನ್ನು ತರಿಸಿಕೊಂಡು ಅದರ ಮೇಲೆ ತಿದ್ದಬೇಕು. ಹೀಗೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದೆ ಅಳಿಸುವುದು ತಪ್ಪುತ್ತದೆ. ಪ್ರಯಾಣದಲ್ಲಿಯೂ ಓದಲು ಅನುಕೂಲವಾಗಲೆಂದು ಮೊಬೈಲಿನಲ್ಲಿ ಒಂದು ಪ್ರತಿ ಇರುತ್ತದೆ, ನಿಜ; ಅದು ಸಂಪರ್ಕ ದೊರೆತಾಗಲೆಲ್ಲ ಗುರುತುಗಳನ್ನು ಹೋಲಿಸಿ ಬದಲಾದವುಗಳನ್ನಷ್ಟೇ ತರಿಸಿಕೊಳ್ಳುತ್ತದೆ.

ಇಷ್ಟಾದರೂ, ತಿದ್ದಿದ ಮೇಲೆಯೂ ಹಳೆಯ ವಿಳಾಸವೇ ಮೂಡುತ್ತದೆಂದು ಹಲವರು ದೂರುವುದುಂಟು. ಹೆಸರಿನ ಎರಡು ಅಕ್ಷರ ಒತ್ತುತ್ತಲೇ ಕಾಣುವ ಸಲಹೆಗಳಲ್ಲಿ ಕೆಲವು ಪುಸ್ತಕದಿಂದ ಬಂದುವಲ್ಲ. ಹಿಂದೆ ನಾವು ಯಾರಿಗೆ ಪತ್ರ ಕಳುಹಿಸಿದ್ದೆವೋ ಆ ನೆನಪಿನಿಂದ ಬಂದುವು. ಆ ನೆನಪು ಪ್ರತಿಯೊಬ್ಬರಿಗೂ ಪ್ರತ್ಯೇಕ. ಅದರಿಂದ ಹಳೆಯದನ್ನು ತಾವೇ ತೆಗೆದುಹಾಕಬೇಕು.

ಈವರೆಗೆ ಗುಮಾಸ್ತರ ಅನುಕೂಲವನ್ನು ನೋಡಿದೆವು. ಪುಸ್ತಕದೊಳಗಿರುವವರ ಮಾತೇನು? ಒಡೆಯರು ಒಂದೊಂದು ಹೆಸರಿನ ಕೆಳಗೆ ಮನೆಯ ಸಂಖ್ಯೆ, ಹುಟ್ಟಿದ ದಿನ, 'ಬಾಕಿ ಕೊಡುವುದು ತಡ' ಎಂಬಂಥ ಟಿಪ್ಪಣಿಗಳನ್ನೂ ಬರೆದಿರಬಹುದು. ಫೋಲ್ಡರನ್ನು ಇಡಿಯಾಗಿ ತೆರೆದರೆ ಅವೂ ತೆರೆದುವೆಂದೇ ತಿಳಿಯಬೇಕು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿಯೇ 2023ರಲ್ಲಿ ಸಂಸತ್ತು ಒಂದು ಕಾಯಿದೆಯನ್ನೂ ಮಾಡಿತು. ಆದುದರಿಂದ ಕಚೇರಿಗೆ ಬೇಕಾದ ವಿಳಾಸಗಳಿಗೆ ಬೇರೊಂದು ಫೋಲ್ಡರನ್ನು ಮಾಡಿ ಅದೊಂದನ್ನೇ ಹಂಚುವುದು ಲೇಸು.

ಕೊಟ್ಟ ಹಕ್ಕನ್ನು ಹಿಂತೆಗೆಯುವುದೂ ಸುಲಭವೇ. ಬ್ರಹ್ಮಾವರದ ಗುಮಾಸ್ತರು ಕೆಲಸ ಬಿಟ್ಟ ದಿನ ಪಟ್ಟಿಯಿಂದ ಅವರ ಹೆಸರನ್ನು ತೆಗೆದರೆ ಸರ್ವರಿನ ಬಾಗಿಲು ಆ ಕೂಡಲೇ ಮುಚ್ಚುವುದು. ಆದರೆ ಅದಕ್ಕೆ ಮೊದಲೇ ಅವರು ತಮ್ಮ ಸ್ವಂತ ಪುಸ್ತಕಕ್ಕೆ ಇಳಿಸಿಕೊಂಡ ವಿಳಾಸಗಳು ಅವರಲ್ಲಿಯೇ ಉಳಿಯುತ್ತವೆ. ಅವನ್ನು ಯಾವ ಸರ್ವರೂ ಹಿಂದಕ್ಕೆ ತರಲಾರದು.