ಎರಡು ಕೆಜಿ ತೂಕ, ಇಪ್ಪತ್ತು ಕೆಜಿ ಎಳೆತ: ಫಿಸಿಯೋಥೆರಪಿ ಕಲಿಕೆಯ ಒಳನೋಟ

ನಮ್ಮ ವಿದ್ಯಾನಗರದ ಪಿಜಿಗಳಲ್ಲಿ ಕುತ್ತಿಗೆನೋವು, ಬೆನ್ನುನೋವು ಹೊಸದೇನಲ್ಲ. ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಕ್ಯಾಡ್ ಡ್ರಾಯಿಂಗ್, ಸಂಜೆ ಗ್ರೌಂಡಲ್ಲಿ ಕ್ರಿಕೆಟ್ಟು, ಕಬಡ್ಡಿ. ನೋವು ಬಂದ್ರೆ ಯೂಟ್ಯೂಬ್ ನೋಡಿ ನಾಲ್ಕು ಎಕ್ಸರ್‌ಸೈಜ್ ಮಾಡ್ತೀವಿ. "ಫಿಸಿಯೋ ಹತ್ರ ಹೋದ್ರೂ ಇದನ್ನೇ ತಾನೇ ಹೇಳೋದು" ಅನ್ನೋದು ಸಾಮಾನ್ಯ ಮಾತು. ಇದು ನಿಜವೇ? ಮೊದಲ ವರ್ಷದ ಮೆಕ್ಯಾನಿಕ್ಸ್‌ನಿಂದಲೇ ನೋಡೋಣ.

ಒಂದು ಸಣ್ಣ ಲೆಕ್ಕ

ಕುರ್ಚಿಯಲ್ಲಿ ಕೂತು, ಪಾದದ ಗಂಟಿಗೆ 2 ಕೆಜಿ ತೂಕ ಕಟ್ಟಿ, ಕಾಲನ್ನು ನೇರಕ್ಕೆ ಎತ್ತಿದಿರಿ ಅಂದುಕೊಳ್ಳಿ. ಮಂಡಿಯಿಂದ ತೂಕಕ್ಕೆ 0.4 ಮೀಟರ್ ದೂರ. ಟಾರ್ಕ್ = 2 × 9.8 × 0.4, ಅಂದರೆ ಸುಮಾರು 7.8 ನ್ಯೂಟನ್ ಮೀಟರ್. ಇದನ್ನು ಹಿಡಿದು ನಿಲ್ಲಿಸಬೇಕಾದದ್ದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು. ಅದರ ಲಿವರ್ ಆರ್ಮ್ ಸುಮಾರು 4 ಸೆಂಟಿಮೀಟರ್ ಮಾತ್ರ. ಭಾಗಿಸಿದರೆ ಸುಮಾರು 196 ನ್ಯೂಟನ್: ಹೆಚ್ಚುಕಡಿಮೆ 20 ಕೆಜಿ ಎಳೆತ! ಕಾಲಿನ ಸ್ವಂತ ತೂಕವನ್ನು ಇಲ್ಲಿ ಸೇರಿಸಿಯೇ ಇಲ್ಲ. ಅದೇ ತೂಕವನ್ನು ಮೊಣಕಾಲು–ಪಾದದ ನಡುವೆ ಕಟ್ಟಿದರೆ ಎಳೆತ ಅರ್ಧಕ್ಕಿಳಿಯುತ್ತದೆ.

ಲಿಗಮೆಂಟ್ ಆಪರೇಷನ್ ಆದ ಹುಡುಗನಿಗೆ ಯಾವ ವಾರ, ಯಾವ ಕೋನದಲ್ಲಿ, ಎಲ್ಲಿ, ಎಷ್ಟು ಭಾರ ಅನ್ನೋ ನಿರ್ಧಾರ ಇಲ್ಲಿದೆ. ವಿಡಿಯೋಗೆ ನಿಮ್ಮ ಮಂಡಿ ಕಾಣಲ್ಲ.

ಅಳತೆಯ ವಿದ್ಯೆ

ಫಿಸಿಯೋಥೆರಪಿಯ ಮೊದಲ ಕೌಶಲ ಅಳತೆ. ಕೀಲು ಎಷ್ಟು ಮಡಚುತ್ತದೆ ಅಂತ ಗೋನಿಯೋಮೀಟರ್‌ನಲ್ಲಿ ಡಿಗ್ರಿ ಲೆಕ್ಕ. ಸ್ನಾಯುವಿನ ಬಲಕ್ಕೆ 0ಯಿಂದ 5ರ ಶ್ರೇಣಿ. 3 ಅಂದರೆ ಗುರುತ್ವದ ವಿರುದ್ಧ ಪೂರ್ತಿ ಎತ್ತಬಲ್ಲ, ಆದರೆ ಎದುರು ಒತ್ತಡ ತಡೆಯಲಾರ. ಅಳೆದು, ಕಾರಣ ಊಹಿಸಿ, ಚಿಕಿತ್ಸೆ ಕೊಟ್ಟು, ಮತ್ತೆ ಅಳೆಯುವುದು. ನಮ್ಮ ಫೀಡ್‌ಬ್ಯಾಕ್ ಲೂಪೇ ಅಲ್ವಾ ಇದು?

ತರಬೇತಿಯ ಮಾನದಂಡ

2021ರಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪ್ರಕಾರ ಆರೋಗ್ಯ ಸೇವಾ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆಗಳ ಕಲಿಕೆ ಬೇಕು. ಬಿಪಿಟಿ ಬಹುಕಾಲ ನಾಲ್ಕೂವರೆ ವರ್ಷದ್ದಾಗಿತ್ತು, ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. 2025ರ ಹೊಸ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಅದು ಐದು ವರ್ಷ. ಇಂಟರ್ನ್‌ಶಿಪ್ಪೇ ಒಂದು ವರ್ಷ. ಆಮೇಲೆ ಎರಡು ವರ್ಷದ ಎಂಪಿಟಿ: ಮೂಳೆ–ಸ್ನಾಯು, ನರ, ಹೃದಯ–ಶ್ವಾಸಕೋಶ, ಕ್ರೀಡೆ ಹೀಗೆ ವಿಶೇಷ ವಿಭಾಗ.

ಇಂಗ್ಲೆಂಡಿನಲ್ಲಿ 2017ರ ಚೌಕಟ್ಟು ಉನ್ನತ ಹಂತದ ಹುದ್ದೆಗೆ ನಾಲ್ಕು ಕಂಬಗಳನ್ನು ಹೇಳುತ್ತದೆ: ಚಿಕಿತ್ಸೆ, ನಾಯಕತ್ವ, ಬೋಧನೆ, ಸಂಶೋಧನೆ. ಕೈಚಳಕ ಒಂದೇ ಸಾಲದು. ಅಲ್ಲಿ ಬೆನ್ನುನೋವಿನ ರೋಗಿ ಎಷ್ಟೋ ಕಡೆ ಡಾಕ್ಟರಿಗಿಂತ ಮೊದಲು ಫಿಸಿಯೋವನ್ನೇ ಕಾಣುತ್ತಾನೆ.

ಬಿಡಬೇಕಾದದ್ದು ಗೊತ್ತಿರಬೇಕು

ಮೊದಲು ನೋಡುವವರ ಹೊಣೆ ದೊಡ್ಡದು. ಬೆನ್ನುನೋವಿನ ಜೊತೆ ತೊಡೆಸಂದಿಯಲ್ಲಿ ಜೋಮು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಎರಡೂ ಕಾಲಲ್ಲಿ ಬಲ ಕುಸಿಯುವುದು ಕಂಡರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿರಬಹುದು. ಆಗ ಎಕ್ಸರ್‌ಸೈಜ್ ಇಲ್ಲ, ಮಸಾಜ್ ಇಲ್ಲ, ನೆಟಿಗೆ ತೆಗೆಸೋದಂತೂ ಬೇಡವೇ ಬೇಡ, ಸೀದಾ ಆಸ್ಪತ್ರೆ. ತಡವಾದರೆ ಹಾನಿ ಜೀವನಪೂರ್ತಿ ಉಳಿಯಬಹುದು. ಇದನ್ನು ಗುರುತಿಸಿ "ಇದು ನನ್ನ ಕೆಲಸವಲ್ಲ, ಈಗಲೇ ಹೋಗಿ" ಅನ್ನಬಲ್ಲವರೇ ತರಬೇತಾದವರು.

ನಮಗೇನು ಕೆಲಸ?

ಪ್ರಾಜೆಕ್ಟಿಗೆ ಮಂಡಿಯ ಬ್ರೇಸ್ ಮಾಡುವವರು ಗಮನಿಸಿ: ಮಂಡಿ ಬಾಗಿಲಿನ ತಿರುಗಣೆಯಲ್ಲ, ಮಡಚಿದಂತೆ ಅದರ ತಿರುಗು ಕೇಂದ್ರವೂ ಸರಿಯುತ್ತದೆ. ಒಂದೇ ಪಿನ್ ಹಾಕಿದರೆ ಬ್ರೇಸ್ ಕಾಲನ್ನು ಎಳೆದಾಡುತ್ತದೆ. ಡಿಸೈನ್ ಮುಗಿದ ಮೇಲಲ್ಲ, ಮೊದಲ ಸ್ಕೆಚ್ಚಿನ ದಿನವೇ ಒಬ್ಬ ಫಿಸಿಯೋನ ಕೂರಿಸಿಕೊಳ್ಳಿ. ಚಿಕಿತ್ಸೆಗೆ ಹೋದಾಗಲೂ ಎರಡು ಪ್ರಶ್ನೆ ಕೇಳಿ: ಓದಿದ್ದು ಏನು? ಇವತ್ತು ಅಳೆದದ್ದು ಎಷ್ಟು?